ಕೋಲ್ಡ್ ವೆಸ್ಟ್ರಿಯ ಶ್ರುತಿ

ದೇವರಿಗೆ ಧಿಕ್ಕಾರ ಕೂಗಲೆಂದೇ ಹೊರಟ ‘ಕೋಲ್ಡ್ ವೆಸ್ಟ್ರಿ’ ಎಂಬ ಬ್ಯಾಂಡು ಹುಟ್ಟಿದ್ದು ಇಂಗ್ಲಿಷರ ರಾಜಧಾನಿಯ ಅಂಚಿನ ಪಿನ್ನರ್‌ನ ಒಂದು ಚರ್ಚಿನ ಹಾಲಿನಲ್ಲಿ. ೧೯೯೪ರ ಮಾತು. ವೆಸ್ಟ್ರಿ ಎಂದರೆ ಚರ್ಚಿನಲ್ಲಿ ಪಾದ್ರಿ ನಿಲುವಂಗಿ ತೊಡುವ ಕೋಣೆ. ಡ್ರಮ್ಮಿನ ಸದ್ದನ್ನು ಸಹಿಸುವ ಜಾಗ ಆ ಸುತ್ತಿನಲ್ಲಿ ಬೇರೆ ಇರಲಿಲ್ಲ. ಪಾದ್ರಿಗಳು ಒಳ್ಳೆಯವರು. ಹುಡುಗರು ಏನು ಕೂಗುತ್ತಾರೆ ಎಂದು ಅವರು ವಿಚಾರಿಸಲಿಲ್ಲ. ವಿಚಾರಿಸಿದ್ದರೂ ಆ ಕೂಗಿನಲ್ಲಿ ಒಂದು ಪದವೂ ತಿಳಿಯುವ ಹಾಗಿರಲಿಲ್ಲ. ಹೋಗುವಾಗ ಕುರ್ಚಿಗಳನ್ನು ಪೇರಿಸಿಟ್ಟು, ಕೆಟಲ್ ಆರಿಸಿ ಹೋಗಬೇಕು ಎಂಬುದೊಂದೇ ಅವರ ಷರತ್ತು. ಹಾಗಾಗಿ ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸ್ವರ್ಗವನ್ನು ಸುಟ್ಟು ಬೂದಿ ಮಾಡಿ, ಆಮೇಲೆ ನಾಲ್ವರೂ ಸೇರಿ ಕುರ್ಚಿ ಪೇರಿಸುತ್ತಿದ್ದರು.

ಗಿಟಾರು ಬಾರಿಸುವವನು ಋಷಿಕೇಶ. ಅವನ ಅಪ್ಪ ಡಾಕ್ಟರ್ ನರಸಿಂಹಮೂರ್ತಿ, ಮೈಸೂರಿನವರು, ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಕೆಲಸ. ಮೂವತ್ತು ವರ್ಷ ಜನರನ್ನು ಮಲಗಿಸಿ ಹೊಟ್ಟೆ ಹೊರೆದ ಮನುಷ್ಯನಿಗೆ ಹೆಣವನ್ನೂ ಎಬ್ಬಿಸಬಲ್ಲ ಮಗ ಹುಟ್ಟಿದ್ದ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಮೂರ್ತಿಯವರು ಒಂದೆರಡು ಸಲ ಗೊಣಗಿ ಸುಮ್ಮನಾದರು. ಮಗ ಪರೀಕ್ಷೆಗಳನ್ನು ಪಾಸು ಮಾಡುತ್ತಿದ್ದ, ಅಷ್ಟು ಸಾಕಾಗಿತ್ತು.

ಈ ಸಂಗೀತಕ್ಕೆ ಬ್ಲ್ಯಾಕ್ ಮೆಟಲ್ ಎಂದು ಹೆಸರು. ಮುಖಕ್ಕೆ ಹೆಣದ ಬಿಳಿ ಬಳಿದು, ಕಣ್ಣಿನ ಸುತ್ತ ಕಪ್ಪು ತೀಡಿ, ಗಿಟಾರನ್ನು ಗರಗಸ ಎಳೆದ ಹಾಗೆ ಎಳೆಯುತ್ತ, ಡ್ರಮ್ಮನ್ನು ಉಸಿರು ಬಿಡದೆ ಬಡಿಯುತ್ತ, ಗಂಟಲು ಹರಿದುಹೋಗುವಂತೆ ಅರಚಬೇಕು. ಬಿಳಿಗೆ ಔಷಧಿ ಅಂಗಡಿಯ ಮುಲಾಮು ಬಂತು. ಕಪ್ಪಿಗೆ ಋಷಿಕೇಶ ಅಮ್ಮನ ಮೈಸೂರು ಕಾಡಿಗೆಯ ಡಬ್ಬಿಯನ್ನೇ ಎತ್ತಿಕೊಂಡು ಹೋಗಿದ್ದ. ಮೊದಲ ಪ್ರದರ್ಶನದ ದಿನ ಆ ವೇಷದಲ್ಲೇ ಮೆಟ್ಟಿಲಿಳಿದು ಬಂದ ಮಗನನ್ನು ಮೂರ್ತಿಯವರು ಕನ್ನಡಕ ಏರಿಸಿ ನೋಡಿದರು.

“ನಮ್ಮ ವಾರ್ಡಲ್ಲಿ ಯಾರಾದ್ರೂ ಈ ಬಣ್ಣಕ್ಕೆ ತಿರುಗಿದ್ರೆ ನೇರ ಬೇಸ್‌ಮೆಂಟಿನ ಹೆಣದ ಕೋಣೆಗೆ ಕಳಿಸ್ತೀವಿ” ಎಂದರು.

ಅಮ್ಮ ವೈದೇಹಿ, ಕಾಡಿಗೆ ಡಬ್ಬಿ ವಾಪಸು ಬರಬೇಕು ಎಂದಷ್ಟೇ ಹೇಳಿದರು. ಅವರ ಜಗತ್ತೇ ಬೇರೆ. ಬೆಳಿಗ್ಗೆ ಆರೂವರೆಗೆ ಸ್ನಾನ ಮುಗಿಸಿ, ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಸ್ವಿಚ್ಚು ಒತ್ತಿ, ಮುಕ್ಕಾಲು ಗಂಟೆ ಹಾಡಿಕೊಳ್ಳುವರು. ಪೆಟ್ಟಿಗೆ ಬೆಂಗಳೂರಿನದು, ಟಿಫನ್ ಕ್ಯಾರಿಯರ್‌ನಷ್ಟು ಗಾತ್ರ, ಮುಂದೆ ಒಂದು ಕರಿ ಗುಂಡಿ. ಅದನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ಆ ದಿನದ ತಮ್ಮ ದನಿಗೆ ಸರಿಯಾಗಿ ನಿಲ್ಲಿಸುವುದೇ ಅವರ ದಿನದ ಮೊದಲ ಕೆಲಸ. ಗುಂಡಿಯ ಸುತ್ತ ಗುರುತುಗಳೇನೂ ಇರಲಿಲ್ಲ. ಕಿವಿಯೇ ಗುರುತು. ಶನಿವಾರ ಬೆಳಿಗ್ಗೆ ಪಿನ್ನರ್, ಹ್ಯಾರೋ ಕಡೆಯ ಕನ್ನಡ ಡಾಕ್ಟರುಗಳ ಮಕ್ಕಳು ಏಳೆಂಟು ಜನ ಬಂದು ದೇವರನಾಮ ಕಲಿಯುತ್ತಿದ್ದರು. ಒಂದೇ ಶನಿವಾರದಲ್ಲಿ ಆ ಮನೆಯ ತಾಯಿ ದೇವರನ್ನು ಕರೆದು ಮುಗಿಸುವುದಕ್ಕೂ ಮಗ ಓಡಿಸಲು ಹೊರಡುವುದಕ್ಕೂ ನಡುವೆ ಊಟದ ಹೊತ್ತು ಮಾತ್ರ ಇರುತ್ತಿತ್ತು.

೧೯೯೭ರಲ್ಲಿ ಮೊದಲ ಆಲ್ಬಂ ಮಾಡಬೇಕೆನ್ನುವಾಗ ಕೀಬೋರ್ಡಿನ ಹುಡುಗ ಓದಲೆಂದು ಸ್ಕಾಟ್ಲೆಂಡಿಗೆ ಹೋದ, ಕೀಬೋರ್ಡೂ ಅವನ ಜೊತೆ ಹೋಯಿತು. ಗಿಟಾರುಗಳ ಅಡಿಯಲ್ಲಿ ಬಿಡದೆ ಮೊರೆಯುವ ಒಂದು ನಾದ ಬೇಕಾಗಿತ್ತು. ಆಗ ಋಷಿಕೇಶನಿಗೆ ಹೊಳೆದದ್ದು, ಚಿಕ್ಕಂದಿನಿಂದ ಅವನನ್ನು ನಿದ್ದೆಯಿಂದ ಎಬ್ಬಿಸಿದ ಪೆಟ್ಟಿಗೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಇವನಿಗೆ ಮದ್ದಾಯಿತು.

ವೈದೇಹಿ ಪೆಟ್ಟಿಗೆಯನ್ನು ಮನೆಯಾಚೆ ಕಳಿಸಲು ಒಪ್ಪಲಿಲ್ಲ. ಹಾಗಾಗಿ ಎರವಲು ತಂದ ರೆಕಾರ್ಡಿಂಗ್ ಯಂತ್ರವೇ ಪಿನ್ನರ್‌ನ ಮನೆಗೆ ಬಂತು. ಜೊತೆಗೆ ಬಂದವನು ಕಾಲಿನ್. ಬ್ಯಾಂಡಿನಲ್ಲಿ ಅರಚುವವನು ಅವನೇ. ಉಳಿದ ದಿನಗಳಲ್ಲಿ ಕೌನ್ಸಿಲ್ ಲೈಬ್ರರಿಯಲ್ಲಿ ಪುಸ್ತಕಗಳಿಗೆ ಮೊಹರು ಹಾಕುತ್ತ, ಮಾತಾಡುವವರನ್ನು ಸುಮ್ಮನಿರಿಸುವುದು ಅವನ ಕೆಲಸ. ಕಾಲಿನ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ಯಂತ್ರದ ಕೆಂಪು ದೀಪ ಹತ್ತಿತು. ವೈದೇಹಿ ಗುಂಡಿ ತಿರುಗಿಸಿ, ಶ್ರುತಿ ಸರಿಯಿದೆಯೇ ಎಂದು ನೋಡಲು ‘ಸ’ ಹಿಡಿದರು. ಹಿಡಿದವರು ಬಿಡಲಿಲ್ಲ. ಕಣ್ಣು ಮುಚ್ಚಿ, ಮೇಲಿನ ಷಡ್ಜದವರೆಗೆ ಹೋಗಿ, ಅಲ್ಲಿ ನಿಂತು, ನಿಧಾನವಾಗಿ ಇಳಿದು ಬಂದರು. ಎರಡು ನಿಮಿಷವಾಗಿರಬಹುದು. ಕಣ್ಣು ಬಿಟ್ಟಾಗ ಕೆಂಪು ದೀಪ ಉರಿಯುತ್ತಲೇ ಇತ್ತು.

“ಬಂತೇನೋ?” ಎಂದು ಕೇಳಿದರು.

“ಯೆಸ್, ಅಮ್ಮ” ಎಂದ ಋಷಿಕೇಶ. ಅಮ್ಮ ಕನ್ನಡದಲ್ಲಿ ಕೇಳುವುದು, ಮಗ ಇಂಗ್ಲಿಷಿನಲ್ಲಿ ಉತ್ತರಿಸುವುದು ಆ ಮನೆಯ ರೂಢಿ.

“ಒಂದು ಪೂರ್ತಿ ದೇವರನಾಮ ಹಾಡಿ ಇಟ್ಕೋಬೇಕು ಅಂತ ನಂಗೂ ಆಸೆ ಕಣೋ. ನಿನ್ನ ಈ ಮಿಷನ್ನಲ್ಲೇ. ದನಿ ಚೆನ್ನಾಗಿರೋವಾಗ್ಲೇ ಮಾಡ್ಕೊಂಡುಬಿಡ್ಬೇಕು.”

“ನೆಕ್ಸ್ಟ್ ಟೈಮ್.”

ಅವರು ಅಡುಗೆಮನೆಗೆ ಹೋದ ಮೇಲೆ ಕಾಲಿನ್ ಹೆಡ್‌ಫೋನ್ ತೆಗೆದು, ಇದನ್ನು ಹೀಗೇ ಇಟ್ಟುಕೊಳ್ಳೋಣ, ಹಾಡು ಶುರುವಾಗುವ ಮೊದಲು ಇದೇ ಇರಲಿ ಎಂದ. ಋಷಿಕೇಶನ ಕಿವಿ ಕೆಂಪಾಯಿತು. ನಾರ್ವೆಯ, ಜರ್ಮನಿಯ ಕರಿ ಅಂಗಿಯ ಗಂಡಸರು ಕೇಳುವ ರೆಕಾರ್ಡಿನಲ್ಲಿ ತನ್ನ ಅಮ್ಮ ಹಾಡುವುದೇ. ಟೇಪನ್ನು ಹಿಂದಕ್ಕೆ ತಿರುಗಿಸಿ, ಅದೇ ಜಾಗದ ಮೇಲೆ ಬರೀ ಪೆಟ್ಟಿಗೆಯ ನಾದವನ್ನು ಮತ್ತೆ ತುಂಬಿಸಿದ. ಕಾಲಿನ್ ಭುಜ ಹಾರಿಸಿದ. ಒಂದು ಕಾಫಿ ಕಾಯುವಷ್ಟರಲ್ಲಿ ಕೆಲಸ ಮುಗಿದಿತ್ತು.

ಆಲ್ಬಂ ಹೊರಬಂತು. ಮೂರ್ತಿಯವರು ಎರಡನೆಯ ಹಾಡಿಗೆ ನಿದ್ದೆ ಹೋದರು. ವೈದೇಹಿ ಒಂದು ನಿಮಿಷ ಕೇಳಿ, ತಲೆ ಸಿಡಿಯುತ್ತದೆ ಎಂದು ಎದ್ದರು. ತಮ್ಮ ದನಿಯನ್ನು ಅವರು ಅದರಲ್ಲಿ ಹುಡುಕಲಿಲ್ಲ. ಆ ಗಲಾಟೆಯೊಳಗೆ ಅದನ್ನು ಹಾಕಿಕೊಳ್ಳದೆ ಬೇರೆ ತೆಗೆದಿಟ್ಟಿರುತ್ತಾನೆ ಎಂದುಕೊಂಡರು. ಜರ್ಮನಿಯ ಒಂದು ಪತ್ರಿಕೆ ಮಾತ್ರ ಹಾಡುಗಳ ತಳದಲ್ಲಿ ಮೊರೆಯುವ ಆ ನಾದವನ್ನು ‘ಭೂಮಿಯ ಗರ್ಭದ ನರಳಿಕೆ’ ಎಂದು ಬರೆಯಿತು. ಅದು ಹಾರ್ಮೋನಿಯಂ ಲೆಕ್ಕದಲ್ಲಿ ಐದೂವರೆ ಶ್ರುತಿ ಎಂದು ಯಾರೂ ಅವರಿಗೆ ಹೇಳಲಿಲ್ಲ. ಶಂಖದಿಂದ ಬಂದರೇ ತೀರ್ಥ.

ಮುಂದಿನ ಸಲದಿಂದ ಪೆಟ್ಟಿಗೆಯನ್ನು ಎರಡು ದಿನಕ್ಕೆ ಎರವಲು ಕೊಡಲು ವೈದೇಹಿ ಒಪ್ಪಿದರು, ಒಂದು ಕಟ್ಟಪ್ಪಣೆಯ ಮೇಲೆ: ಗುಂಡಿ ಮುಟ್ಟಕೂಡದು. ಹೇಗೆ ಹೋಯಿತೋ ಹಾಗೆಯೇ ಬರಬೇಕು. ಟ್ಯೂಬ್ ರೈಲಿನ ಕುಲುಕಾಟದಲ್ಲಿ ತಿರುಗಿಬಿಟ್ಟೀತೆಂದು ಋಷಿಕೇಶ ಅಪ್ಪನ ಬ್ಯಾಗಿನಿಂದ ಆಸ್ಪತ್ರೆಯ ಬಿಳಿ ಟೇಪು ಹರಿದು ಗುಂಡಿಯ ಮೇಲೆ ಅಂಟಿಸಿ, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ತಾರೀಖು ಬರೆಯುವನು. ವಾಪಸು ಬಂದ ಮರುದಿನ ಬೆಳಿಗ್ಗೆ ವೈದೇಹಿ ಅದನ್ನು ಕಿತ್ತು, ತಮ್ಮ ದನಿಗೆ ಗುಂಡಿ ತಿರುಗಿಸಿಕೊಳ್ಳುವರು. ಹೀಗಾಗಿ ಕೋಲ್ಡ್ ವೆಸ್ಟ್ರಿಯಲ್ಲಿ ಒಂದು ಪದ್ಧತಿ ಬೆಳೆಯಿತು. ಪೆಟ್ಟಿಗೆ ಯಾವ ಶ್ರುತಿಯಲ್ಲಿ ಬಂದರೂ ಗಿಟಾರುಗಳು ಅದಕ್ಕೆ ಹೊಂದಿಕೊಳ್ಳಬೇಕು. ಪೆಟ್ಟಿಗೆ ಯಾರಿಗೂ ಹೊಂದಿಕೊಳ್ಳುವುದಿಲ್ಲ. ಊರೂರು ತಿರುಗುವಾಗ ಅದರ ನಾದವನ್ನು ಧ್ವನಿಮುದ್ರಿಸಿಕೊಂಡು ಒಯ್ಯುತ್ತಿದ್ದರು.

೨೦೦೦ದಲ್ಲಿ ಪೆಟ್ಟಿಗೆಯ ಶ್ರುತಿ ಐದಕ್ಕೆ ಬಂದಿತ್ತು. ಅರ್ಧ ಮನೆ ಇಳಿದಿದೆ ಎಂದು ಗಮನಿಸಿದವನು ಕಾಲಿನ್. ತಂತಿಗಳನ್ನು ಸಡಿಲಿಸಿದರು, ಅಷ್ಟೇ. ಅದೇ ವರ್ಷ ಡ್ರಮ್ಮರನ ಕೆನ್ನೆಗೆ ಬಣ್ಣದಿಂದ ಇಸುಬು ಹತ್ತಿತು. ಮೂರ್ತಿಯವರು ಅದನ್ನು ನೋಡಿ, ಮುಲಾಮು ಬರೆದುಕೊಟ್ಟು, “ಬಣ್ಣ ಬಿಟ್ಬಿಡ್ರಪ್ಪ, ಎಲ್ಲಾರೂ” ಎಂದರು. ಮುಂದಿನ ಪ್ರದರ್ಶನಕ್ಕೆ ತೊಳೆದ ಮುಖಗಳಲ್ಲಿ ಹೋದರು. ಮುಖವಾಡವನ್ನೇ ಕಿತ್ತೆಸೆದ ಧೀರರು ಎಂದು ಪತ್ರಿಕೆಗಳು ಬರೆದವು. ಸಡಿಲ ತಂತಿಯಲ್ಲಿ ಮೊದಲಿನ ವೇಗ ಕೂಡದೆ ಹಾಡುಗಳು ನಿಧಾನವಾದವು, ನಡುನಡುವೆ ಮೌನವೂ ಬಂತು. ಇದು ಬರೀ ಬ್ಲ್ಯಾಕ್ ಮೆಟಲ್ ಅಲ್ಲ, ‘ಪೋಸ್ಟ್-ಬ್ಲ್ಯಾಕ್ ಮೆಟಲ್’ ಎಂದರು. ಅದೇ ಕತ್ತಲೆ, ಆದರೆ ಅದರಲ್ಲಿ ಕೂಗಿ ದಣಿದವರು ಕುಳಿತು ಯೋಚಿಸುವ ಕತ್ತಲೆ.

೨೦೦೩ರಲ್ಲಿ ನಾಲ್ಕೂವರೆ. ೨೦೦೫ರ ಬೇಸಿಗೆಯಲ್ಲಿ ನಾಲ್ಕು. ಪ್ರತಿ ಆಲ್ಬಮ್ಮಿಗೂ ದಪ್ಪ ತಂತಿ ಕೊಳ್ಳಬೇಕಾಯಿತು. ಪ್ರತಿ ಆಲ್ಬಮ್ಮಿಗೂ ವಿಮರ್ಶಕರು ‘ಇನ್ನಷ್ಟು ಆಳಕ್ಕಿಳಿದಿದ್ದಾರೆ’ ಎಂದು ಬರೆದರು. ಯುರೋಪಿನ ಹದಿನಾಲ್ಕು ಊರುಗಳಲ್ಲಿ ಜನ ಕಣ್ಣು ಮುಚ್ಚಿ ತಲೆದೂಗಿದರು. ಬ್ಯಾಂಡಿನ ಆಳವೆಂದರೆ ವಯಸ್ಸಾಗುತ್ತಿದ್ದ ಒಬ್ಬ ಹೆಂಗಸಿನ ಗಂಟಲು ಎಂಬುದು ಬ್ಯಾಂಡಿಗೇ ಹೊಳೆದಿರಲಿಲ್ಲ. ಋಷಿಕೇಶನಿಗೂ ಹೊಳೆಯಲಿಲ್ಲ. ಅವನು ಆಗಲೇ ವಿಮಾನ ನಿಲ್ದಾಣದ ಬಳಿ ಸಾಮಾನು ಸಾಗಿಸುವ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸ ಹಿಡಿದು ಹೌನ್ಸ್ಲೋದಲ್ಲಿ ಫ್ಲ್ಯಾಟ್ ಮಾಡಿದ್ದ. ಬೆಳಗಿನ ಆರೂವರೆಯ ಹಾಡು ಕಿವಿಗೆ ಬೀಳದೆ ವರ್ಷಗಳಾಗಿದ್ದವು. ಪಿನ್ನರ್‌ಗೆ ಭಾನುವಾರದ ಊಟಕ್ಕೆ ಬರುವನು.

ದೇವರನಾಮದ ಮಾತು ಪ್ರತಿ ಸಲವೂ ಬಂತು. ಪೆಟ್ಟಿಗೆ ಕೊಡುವಾಗ ವೈದೇಹಿ, “ನಂದೊಂದು ಇದೆ, ನೆನಪಿದೆಯಾ?” ಎನ್ನುವರು. ನೆನಪಿದೆ, ಈ ಆಲ್ಬಂ ಮುಗಿಯಲಿ, ಈ ಟೂರು ಮುಗಿಯಲಿ ಎನ್ನುವನು. ನಾಳೆ ಎಂದವನ ಮನೆ ಹಾಳು ಎಂಬ ಮಾತು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಹಾಲು ಒಡೆದಾಗ ಬಳಸುವ ಮಾತಾಗಿತ್ತು.

೨೦೦೫ರ ಚಳಿಗಾಲದಲ್ಲಿ ಬ್ಯಾಂಡು ಜರ್ಮನಿಯಲ್ಲಿದ್ದಾಗ ವೈದೇಹಿಗೆ ಥೈರಾಯ್ಡ್ ಆಪರೇಷನ್ ಆಯಿತು. ಸಣ್ಣದು, ಗಾಬರಿಯಿಲ್ಲ ಎಂದು ಅಪ್ಪ ಮೊದಲೇ ತಿಳಿಸಿದ್ದರು. ಊರಿಗೆ ಬಂದ ಮೇಲೆ ಋಷಿಕೇಶ ಹೂವು ತೆಗೆದುಕೊಂಡು ಹೋದ. ಅಮ್ಮನ ಕತ್ತಿನಲ್ಲಿ ತೆಳ್ಳನೆಯ ಗೆರೆ. ಮಾತು ಎಂದಿನಂತೆ ಇತ್ತು, ಹುಳಿ ಎಂದಿನಂತೆ ಇತ್ತು. ಶನಿವಾರದ ಪಾಠ ಏನಾಯಿತೆಂದು ಯಾವಾಗಲೋ ಕೇಳಿದಾಗ, ಮಕ್ಕಳೆಲ್ಲ ದೊಡ್ಡವರಾದರು, ಪರೀಕ್ಷೆಗಳು ಎಂದರು. ಅದೂ ನಿಜವೇ ಆಗಿತ್ತು.

ಐದನೆಯ ಆಲ್ಬಂ ೨೦೦೮ರಲ್ಲಿ. ಹೌನ್ಸ್ಲೋದಲ್ಲಿ ಗೋದಾಮೊಂದರ ಮಹಡಿಯ ಸ್ಟುಡಿಯೋ. ವಿಮಾನ ತಲೆಯ ಮೇಲೆ ಹೋದಾಗಲೆಲ್ಲ ನಿಲ್ಲಿಸಿ ಕಾಯಬೇಕು. ಶುಕ್ರವಾರ ಸಂಜೆ ಪೆಟ್ಟಿಗೆ ತರಲು ಹೋದಾಗ ಅದು ಮುಂದಿನ ಕೋಣೆಯ ಕಪಾಟಿನಲ್ಲಿತ್ತು, ಗುಂಡಿಗೆ ಆಗಲೇ ಟೇಪು ಹಾಕಿತ್ತು. ಅಪ್ಪ ಹಾಕಿಟ್ಟಿದ್ದಾರೆ ಎಂದುಕೊಂಡ. ಈ ಸಲ ಅಮ್ಮ ತಮ್ಮ ದೇವರನಾಮವನ್ನು ನೆನಪಿಸಲಿಲ್ಲ. ಅದಕ್ಕೆ ಅವನಿಗೆ ಒಳಗೊಳಗೇ ಸಮಾಧಾನವೇ ಆಯಿತು.

ಶನಿವಾರ ಸ್ಟುಡಿಯೋದಲ್ಲಿ ಕಾಲಿನ್ ಸ್ವಿಚ್ಚು ಒತ್ತಿ, ಶ್ರುತಿ ಅಳೆಯುವ ಟ್ಯೂನರಿನ ಮುಳ್ಳು ನೋಡಿ, ಕೈ ತಟ್ಟಿದ. ಹೋದ ಸಲದ್ದೇ ಶ್ರುತಿ. ನಾಲ್ಕು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ತಂತಿ ಬದಲಿಸುವ ಅರ್ಧ ದಿನ ಉಳಿಯಿತು ಎಂದು ಎಲ್ಲರಿಗೂ ಖುಷಿ.

ಋಷಿಕೇಶ ಪೆಟ್ಟಿಗೆಯ ಹತ್ತಿರ ಬಗ್ಗಿದ. ಟೇಪಿನ ಅಂಚು ಹಳದಿಯಾಗಿ, ದೂಳು ಹಿಡಿದು ಗಟ್ಟಿಯಾಗಿತ್ತು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಮಾಸಿದ ತಾರೀಖು: ಜೂನ್ ೨೦೦೫. ಅಕ್ಷರ ಅವನದೇ. ಮೂರು ವರ್ಷದ ಹಿಂದೆ ಅವನೇ ಅಂಟಿಸಿದ್ದು, ಯಾರೂ ಕಿತ್ತಿರಲಿಲ್ಲ.

ಜೂನ್‌ನಲ್ಲಿ ಪೆಟ್ಟಿಗೆ ವಾಪಸು ಕೊಟ್ಟಾಗ ಅಮ್ಮನ ಗಂಟಲು ಊದಿತ್ತು. ಆಪರೇಷನ್ ಮುಗಿಯಲಿ, ಆಮೇಲೆ ಹಾಡಿಕೊಳ್ಳುತ್ತೇನೆ ಎಂದಿದ್ದರು. ಅವನು ತಲೆಯಾಡಿಸಿ, ಟೂರಿನ ಬಟ್ಟೆ ಒಗೆಯಲು ಕೊಟ್ಟಿದ್ದ. ಈಗ ಒಂದೊಂದಾಗಿ ಎಲ್ಲವೂ ಸಾಲಿಗೆ ಬಂತು: ನಿಂತ ಪಾಠ, ಕಪಾಟು ಸೇರಿದ ಪೆಟ್ಟಿಗೆ, ಐದೂವರೆಯಿಂದ ನಾಲ್ಕಕ್ಕೆ ಇಳಿದು ಬಂದ ಎಂಟು ವರ್ಷ. ಅಮ್ಮ ಆಮೇಲೆ ಹಾಡಿಯೇ ಇರಲಿಲ್ಲ. ಅಂದು ಅವನು ಬಾರಿಸಿದ್ದರಲ್ಲಿ ಏನೂ ಉಪಯೋಗಕ್ಕೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆಲ್ಲ ಪೆಟ್ಟಿಗೆಯೊಂದಿಗೆ ಪಿನ್ನರ್‌ನಲ್ಲಿದ್ದ. ಮೂರ್ತಿಯವರು ಹಿಂದಿನ ತೋಟದಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ವೈದೇಹಿ ಮುಂದಿನ ಕೋಣೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದರು.

“ಅಮ್ಮ, ಟೇಪ್ ತೆಗೆದೇ ಇಲ್ಲ ನೀನು” ಎಂದ. ಕನ್ನಡದಲ್ಲೇ ಹೇಳಿದ. ವೈದೇಹಿ ತಲೆಯೆತ್ತಿ ನೋಡಿದ್ದು ಅದಕ್ಕೇ ಇರಬೇಕು.

“ತೆಗೆದು ಏನ್ಮಾಡ್ಲಿ? ಮಾತು ವಾಪಸ್ ಬಂತು, ಹಾಡು ಬರ್ಲಿಲ್ಲ. ಮೇಲಕ್ಕೆ ಹೋದ್ರೆ ಬರೀ ಗಾಳಿ ಬರತ್ತೆ. ಒಂದೊಂದ್ಸಲ ಅಲ್ಲಿನ ನರಕ್ಕೆ ಹೀಗಾಗತ್ತಂತೆ, ಯಾರ ತಪ್ಪೂ ಅಲ್ಲ ಅಂದ್ರು ನಿಮ್ಮಪ್ಪ.”

“ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳೋಣ ಅಂತ್ಲೇ ಫೋನ್ ಮಾಡಿದ್ದೆ. ನೀನು ಯಾವ್ದೋ ಬಸ್ಸಲ್ಲಿದ್ದೆ. ವಾಯ್ಸ್ ಚೆನ್ನಾಗೇ ಇದೆಯಲ್ಲಮ್ಮ ಅಂದೆ. ಹೌದಲ್ಲ ಅಂತ ನಾನೂ ಸುಮ್ಮನಾದೆ.”

ಹುರುಳಿಕಾಯಿಯ ನಾರು ಎಳೆಯುವುದು ಮುಂದುವರಿಯಿತು. ಋಷಿಕೇಶ ಅವರ ಎದುರು ನೆಲದ ಮೇಲೆ ಕುಳಿತ.

“ಈಗ ಮಾಡೋಣ. ಇವತ್ತೇ. ಎಷ್ಟು ಕೆಳಗಾದ್ರೂ ಪರವಾಗಿಲ್ಲ, ಗಾಳಿ ಬಂದ್ರೂ ಪರವಾಗಿಲ್ಲ.”

“ಬೇಡ” ಎಂದರು ವೈದೇಹಿ. ಸಿಟ್ಟಿರಲಿಲ್ಲ, ಆದರೆ ಇನ್ನೊಮ್ಮೆ ಕೇಳುವ ಹಾಗೂ ಇರಲಿಲ್ಲ. “ಕೆಟ್ಟ ದನೀಲಿ ಇಟ್ಕೊಂಡು ಏನು ಮಾಡೋದು? ಒಳ್ಳೇದು ನಿನ್ನ ಹತ್ರ ಇದೆಯಲ್ಲ. ಈ ಕೋಣೇಲೇ ಹಾಡಿದ್ನಲ್ಲ ಮೊದಲ್ನೇ ಸಲ, ಕೆಂಪು ದೀಪ ಉರೀತಿತ್ತು, ಬಂತು ಅಂದೆ ನೀನು. ಅವತ್ತು ಮೇಲಿನ ಷಡ್ಜ ಚೆನ್ನಾಗಿ ನಿಂತಿತ್ತು. ಅದನ್ನ ಒಂದು ಸೀಡಿಗೆ ಹಾಕಿಕೊಡು. ಅಷ್ಟು ಸಾಕು ನಂಗೆ.”

ಸುಳ್ಳುಗಳು ಸಿದ್ಧವಾಗಿಯೇ ಇದ್ದವು. ಮನೆ ಬದಲಿಸುವಾಗ ಕಳೆಯಿತು ಎನ್ನಬಹುದಿತ್ತು. ಹಳೆಯ ಟೇಪು, ಬೂಸಲು ಹಿಡಿಯಿತು ಎಂದರೂ ಆಗುತ್ತಿತ್ತು. ಹನ್ನೊಂದು ವರ್ಷ ಈ ತಾಯಿ ಒಂದು ಇಲ್ಲದ ಟೇಪನ್ನು ನಂಬಿಕೊಂಡು, ಹಾಡು ಹೋದಾಗಲೂ ಅದರ ಬಲದ ಮೇಲೆಯೇ ಸುಮ್ಮನಿದ್ದರು ಎಂದು ಅವನಿಗೆ ಅರ್ಥವಾಯಿತು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಅದಿಲ್ಲ, ಅಮ್ಮ. ಅವತ್ತೇ ಅಳಿಸಿಬಿಟ್ಟೆ. ನೀನು ಕಾಫಿ ಮಾಡೋಕೆ ಹೋಗಿದ್ದೆ.”

ವೈದೇಹಿಯ ಕೈ ನಿಂತಿತು. ಹೊರಗೆ ಹುಲ್ಲು ಕತ್ತರಿಸುವ ಯಂತ್ರ ಬೇಲಿಯವರೆಗೆ ಹೋಗಿ ತಿರುಗಿ ಬಂತು.

“ಅಷ್ಟು ಕೆಟ್ಟದಾಗಿತ್ತೇನೋ?” ಎಂದರು.

“ಇಲ್ಲಮ್ಮ. ಚೆನ್ನಾಗಿತ್ತು. ನಂಗೆ ನಾಚಿಕೆ ಆಯ್ತು. ನಾನು ಮುಖಕ್ಕೆ ಬಣ್ಣ ಹಚ್ಕೊಂಡು ಕುಣೀತಿದ್ದೆ, ನೀನು ಹಾಡಿದ್ರೆ ಎಲ್ರಿಗೂ ಗೊತ್ತಾಗ್ತಿತ್ತು, ನಾನು...” ಕನ್ನಡ ಅಲ್ಲಿಗೆ ಮುಗಿಯಿತು. ಮೂವತ್ತಮೂರು ವರ್ಷದ ಗಂಡಸು ಚಾಪೆಯ ಅಂಚನ್ನು ನೋಡುತ್ತ ಕುಳಿತ.

ವೈದೇಹಿ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡು ಟೇಪಿನ ಮೇಲಿನ ತಾರೀಖನ್ನು ಓದಿದರು. ಉಗುರಿನಿಂದ ಅದರ ಅಂಚನ್ನು ಸ್ವಲ್ಪ ಎಬ್ಬಿಸಿ, ಮತ್ತೆ ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು.

“ಆ ಕಾಲಿನ್ ಕೇಳಿದ್ನಲ್ಲ, ಕಿವಿಗೆ ಹಾಕ್ಕೊಂಡು?”

“ಕೇಳಿದ. ಹೀಗೇ ಇಟ್ಕೊಳೋಣ ಅಂದಿದ್ದ. ಈಗಲೂ ಒಂದೊಂದ್ಸಲ ಹೇಳ್ತಾನೆ.”

“ಆಯ್ತು. ಒಬ್ರಾದ್ರೂ ಕೇಳಿದಾರೆ” ಎಂದರು. ಪೆಟ್ಟಿಗೆಯನ್ನು ಅವನ ಕಡೆಗೆ ತಳ್ಳಿ, “ಇದನ್ನ ತೊಗೊಂಡ್ಹೋಗು. ಇನ್ಮೇಲೆ ನಿಂಗೆ ಬೇಕಾದ ಕಡೆ ತಿರುಗಿಸ್ಕೋ. ಬೆಳಿಗ್ಗೆ ನಂಗೆ ಬೇಡ ಅದು” ಎಂದು ಹುರುಳಿಕಾಯಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಅವನು ತಿರುಗಿಸಲಿಲ್ಲ. ಐದನೆಯ ಆಲ್ಬಂ ನಾಲ್ಕರಲ್ಲೇ ಆಯಿತು. ಅದರ ಮುಂದಿನ ವರ್ಷ, ಹೇಳುವುದನ್ನೆಲ್ಲ ಹೇಳಿಯಾಯಿತು ಎಂದು ಪ್ರಕಟಣೆ ಕೊಟ್ಟು ಕೋಲ್ಡ್ ವೆಸ್ಟ್ರಿ ನಿಂತುಹೋಯಿತು. ಕಾಲಿನ್ ಕಾರಣ ಕೇಳಿದಾಗ ಋಷಿಕೇಶ ಎಲ್ಲವನ್ನೂ ಹೇಳಿದ. ಕಾಲಿನ್ ಮತ್ತೆ ಕೇಳಲಿಲ್ಲ. ಅಷ್ಟರಲ್ಲಿ ಆಲ್ಬಮ್ಮಿನ ವಿಮರ್ಶೆ ಬಂದಿತ್ತು. ಮಗನ ಸಂಗೀತವನ್ನು ಒಂದು ದಿನವೂ ಪೂರ್ತಿ ಕೇಳದ ಮೂರ್ತಿಯವರು ಅದರ ಕುರಿತು ಬಂದದ್ದನ್ನೆಲ್ಲ ಕತ್ತರಿಸಿ ಫೈಲಿನಲ್ಲಿ ಇಟ್ಟಿದ್ದರು. ಭಾನುವಾರದ ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದರು: ಹತ್ತು ವರ್ಷ ಕೆಳಗಿಳಿಯುತ್ತಲೇ ಬಂದ ಈ ಬ್ಯಾಂಡು ಕೊನೆಗೂ ತನ್ನ ನೆಲ ಮುಟ್ಟಿದೆಯಂತೆ, ಇನ್ನು ಅಲುಗಾಡುವುದಿಲ್ಲವಂತೆ.

ವೈದೇಹಿ ಮಗನ ತಟ್ಟೆಗೆ ಅನ್ನ ಬಡಿಸುತ್ತಿದ್ದರು.

“ನಾಲ್ಕೇ ತಾನೆ?” ಎಂದು ಕೇಳಿದರು.

“ನಾಲ್ಕೇ, ಅಮ್ಮ” ಎಂದ ಋಷಿಕೇಶ.